ಆ ಆಸಿಡ್ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಅಂದರೆ ಬಹುದೊಡ್ಡ ಪ್ರಮಾಣದ ರಸಾಯನಶಾಸ್ತ್ರ. ಒಂದು ಟನ್ ಕಬ್ಬಿನಿಂದ ಸುಮಾರು 100 ಕೆ.ಜಿ. ಸಕ್ಕರೆ ಬರುತ್ತದೆ. ಜೊತೆಗೆ 280ರಿಂದ 300 ಕೆ.ಜಿ. ಸಿಪ್ಪೆ, 40–45 ಕೆ.ಜಿ. ಕಾಕಂಬಿ. ಈ ಕಾಕಂಬಿ ಡಿಸ್ಟಿಲರಿಗೆ ಹೋಗಿ ಆಲ್ಕೋಹಾಲ್ ಆಗುತ್ತದೆ. ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಎಂಬ ಕೊಳೆನೀರು ಉಳಿಯುತ್ತದೆ. ಕಡುಕಂದು ಬಣ್ಣ, ಕೆಟ್ಟ ವಾಸನೆ. ಹಳ್ಳಕ್ಕೆ ಸೇರಿದರೆ ನೀರಿನಲ್ಲಿರುವ ಆಮ್ಲಜನಕವೆಲ್ಲ ಖಾಲಿಯಾಗಿ ಮೀನು ಸಾಯುತ್ತವೆ.

ಇದನ್ನು ಸಂಭಾಳಿಸುವ ದಾರಿಗಳು ಈಗ ಸುಧಾರಿಸಿವೆ. ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯ ಜೊತೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಗಟ್ಟಿಗೊಳಿಸಿ ಬಾಯ್ಲರ್‌ನಲ್ಲಿ ಉರಿಸುತ್ತಾರೆ. ಉಳಿದ ಬೂದಿಯಲ್ಲಿ ಪೊಟ್ಯಾಶ್ ಇರುತ್ತದೆ, ಅದೂ ಗೊಬ್ಬರವಾಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಇದೆಲ್ಲ ಕೊಳೆ ಹುಟ್ಟಿದ ಮೇಲೆ ಮಾಡುವ ಕೆಲಸ. ಹಸಿರು ರಸಾಯನಶಾಸ್ತ್ರ ಕೇಳುವ ಪ್ರಶ್ನೆ ಅದಕ್ಕಿಂತ ಮೊದಲಿನದು: ಕೊಳೆ ಹುಟ್ಟದ ಹಾಗೆ ಕ್ರಿಯೆಯನ್ನೇ ಬದಲಿಸಬಹುದಾ?

ಈ ಪ್ರಶ್ನೆಗೆ ಬಲ ಬಂದದ್ದು 1984ರ ಭೋಪಾಲ್ ದುರಂತದ ನಂತರ. ಅಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಮಾರುವ ಸರಕೇನೂ ಆಗಿರಲಿಲ್ಲ. ಕೀಟನಾಶಕ ಮಾಡುವಾಗ ನಡುವೆ ಬರುವ ವಸ್ತು. ಅದನ್ನು ಟನ್‌ಗಟ್ಟಲೆ ಟ್ಯಾಂಕಿನಲ್ಲಿ ಕೂಡಿಟ್ಟಿದ್ದರು. ಇಲ್ಲದ ವಸ್ತು ಸೋರುವುದಿಲ್ಲ ಎಂದು ಬ್ರಿಟನ್ನಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ 1970ರ ದಶಕದಲ್ಲೇ ಹೇಳಿದ್ದರು. 1990ರಲ್ಲಿ ಅಮೆರಿಕ ಮಾಲಿನ್ಯವನ್ನು ಮೂಲದಲ್ಲೇ ತಡೆಯುವ ಕಾನೂನು ತಂದಿತು. 1998ರಲ್ಲಿ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಬರೆದರು. ಏಳನೆಯದು ಬೆಳೆಯುವ ಕಚ್ಚಾವಸ್ತು ಬಳಸಿ ಎನ್ನುತ್ತದೆ. ಒಂಬತ್ತನೆಯದು ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು, ಬಳಸಿ ಎನ್ನುತ್ತದೆ. ನಮ್ಮ ಮೂರು ಜಿಲ್ಲೆಗಳಿಗೆ ಈ ಎರಡೂ ನೇರವಾಗಿ ತಾಗುತ್ತವೆ.

ತತ್ವಗಳಿಗಿಂತ ಮೊದಲೇ ಲೆಕ್ಕ ಬಂದಿತ್ತು. 1992ರಲ್ಲಿ ರೋಜರ್ ಶೆಲ್ಡನ್ ಸರಳವಾದ ಒಂದು ಅಳತೆ ಕೊಟ್ಟರು: ಒಂದು ಕೆ.ಜಿ. ಸರಕು ತಯಾರಿಸಲು ಎಷ್ಟು ಕೆ.ಜಿ. ಕಸ ಹುಟ್ಟುತ್ತದೆ? ಪೆಟ್ರೋಲ್ ಶುದ್ಧೀಕರಣದಲ್ಲಿ 100 ಗ್ರಾಂ ಆಸುಪಾಸು. ಔಷಧ ತಯಾರಿಕೆಯಲ್ಲಿ 25ರಿಂದ 100 ಕೆ.ಜಿ. ಅಥವಾ ಅದಕ್ಕಿಂತ ಜಾಸ್ತಿ. ಕೊಳಕು ಅಂತ ಎಲ್ಲರೂ ಬೈಯುವ ರಿಫೈನರಿ ಈ ಲೆಕ್ಕದಲ್ಲಿ ಎಷ್ಟೋ ವಾಸಿ. ಕಾರಣ ಏನೆಂದರೆ, ರಿಫೈನರಿಯವರು ಬಹಳ ಹಿಂದೆಯೇ ಘನ ಕ್ಯಾಟಲಿಸ್ಟ್‌ಗೆ ಬಂದಿದ್ದರು. ಔಷಧ, ಬಣ್ಣ, ಸುಗಂಧ ಮಾಡುವವರು ಇನ್ನೂ ಬ್ಯಾರಲ್‌ಗಟ್ಟಲೆ ಆಸಿಡ್ ಸುರಿಯುತ್ತಿದ್ದರು.

ಈ ಆಸಿಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಲ್ಫ್ಯೂರಿಕ್ ಆಸಿಡ್ ಎಷ್ಟೋ ಕ್ರಿಯೆಗಳಲ್ಲಿ ಕ್ಯಾಟಲಿಸ್ಟ್ ಆಗಿ ಕೆಲಸ ಮಾಡುತ್ತದೆ. ಅಂದರೆ ಅದು ಖರ್ಚಾಗುವುದಿಲ್ಲ. ಆದರೆ ಕೊನೆಗೆ ಸರಕಿನಲ್ಲೇ ಕರಗಿ ಉಳಿದಿರುತ್ತದೆ. ಅದನ್ನು ತೆಗೆಯಲು ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಬೇಕು. ಆಗ ಉಪ್ಪು ಹುಟ್ಟುತ್ತದೆ. ಉಪ್ಪನ್ನು ತೊಳೆಯಲು ನೀರು ಬೇಕು. ಆ ನೀರು ಹೊರಗೆ ಬರಲೇಬೇಕು. ಅಲ್ಯುಮಿನಿಯಂ ಕ್ಲೋರೈಡ್ ಕಥೆ ಇನ್ನೂ ಕೆಟ್ಟದು. ಕೆಲವು ಕ್ರಿಯೆಗಳಲ್ಲಿ ಅದು ಸರಕಿನ ಜೊತೆ ಅಂಟಿಕೊಳ್ಳುತ್ತದೆ, ಬಿಡಿಸಲು ನೀರು ಹಾಕಿದರೆ ಅದೇ ನಾಶವಾಗುತ್ತದೆ. ಹೆಸರಿಗೆ ಮಾತ್ರ ಕ್ಯಾಟಲಿಸ್ಟ್.

ಆಸಿಡ್ ಗುಣವನ್ನು ಘನವಸ್ತುವಿನ ಮೈಮೇಲೆ ಕೂರಿಸಿದರೆ ಇದೆಲ್ಲ ತಪ್ಪುತ್ತದೆ. ಕ್ರಿಯೆ ಮುಗಿದ ಮೇಲೆ ಸೋಸಿ, ಮತ್ತೆ ಬಳಸಬಹುದು. ಭಾರತದಲ್ಲಿ ಈ ದಾರಿ ತುಳಿದವರಲ್ಲಿ ಮುಂಬೈನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಯುಡಿಸಿಟಿ, ಅಂದರೆ ಈಗಿನ ಐಸಿಟಿಯ ಪ್ರೊ. ಎಂ.ಎಂ. ಶರ್ಮಾ ಮುಖ್ಯರು. ನೀರು ಮೆದು ಮಾಡಲು ಬಳಸುವ ಜಾತಿಯ ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು) ಮಣಿಗಳನ್ನೇ ಅವರ ತಂಡ ಕ್ಯಾಟಲಿಸ್ಟ್ ಆಗಿ ದುಡಿಸಿತು. ಅವರ ಶಿಷ್ಯ ಪ್ರೊ. ಜಿ.ಡಿ. ಯಾದವ್ ನಮ್ಮ ನೆರೆಯವರು. ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಹಳ್ಳಿಯಲ್ಲಿ 1952ರಲ್ಲಿ ಹುಟ್ಟಿದವರು. ಯುಡಿಸಿಟಿಯಲ್ಲೇ ಓದಿ, ಅಲ್ಲೇ ಪಾಠ ಮಾಡಿ, 2009ರಿಂದ 2019ರವರೆಗೆ ಐಸಿಟಿಯ ಕುಲಪತಿಯಾಗಿದ್ದರು. 2016ರಲ್ಲಿ ಪದ್ಮಶ್ರೀ ಬಂತು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಮೇಲೆ ಟಂಗ್‌ಸ್ಟನ್ ಇರುವ ಬಲವಾದ ಆಮ್ಲ ಕೂರಿಸಿದ್ದು, ಸಲ್ಫೇಟ್ ಸೇರಿಸಿದ ಜಿರ್ಕೋನಿಯಾ ಎಂಬ ಆಕ್ಸೈಡ್‌ನ ರಂಧ್ರಗಳನ್ನು ದೊಡ್ಡದು ಮಾಡಿದ್ದು ಅವರ ತಂಡದ ಹೆಸರಾದ ಕೆಲಸಗಳು. ರಂಧ್ರ ಸಣ್ಣದಿದ್ದರೆ ದೊಡ್ಡ ಅಣುಗಳು ಒಳಗೆ ಹೋಗುವುದೇ ಇಲ್ಲ, ಒಳಗಿನ ಆಸಿಡ್ ಸುಮ್ನೆ ಕೂತಿರುತ್ತದೆ.

ಇಂಥ ಸಂಶೋಧನೆಗೆ ತಾಳ್ಮೆ ಬೇಕು. ಮೊದಲ ಸಲ ಚೆನ್ನಾಗಿ ಕೆಲಸ ಮಾಡಿದ ಕ್ಯಾಟಲಿಸ್ಟ್ ಐದನೇ ಸಲ ಸೋಲಬಹುದು. ಮೈಮೇಲೆ ಇಂಗಾಲ ಕೂತಿರುತ್ತದೆ, ಅಥವಾ ಆಸಿಡ್ ಕರಗಿ ಹೊರಬಂದಿರುತ್ತದೆ. ಪತ್ತೆ ಹಚ್ಚಲು ಒಂದು ಚೆಂದದ ಪರೀಕ್ಷೆ ಇದೆ. ಕ್ರಿಯೆ ಅರ್ಧ ನಡೆದಿರುವಾಗ, ಬಿಸಿಯಿದ್ದಾಗಲೇ ಘನವನ್ನು ಸೋಸಿ ತೆಗೆದುಬಿಡುವುದು. ಉಳಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ, ದುಡಿಯುತ್ತಿದ್ದದ್ದು ಕರಗಿದ ಆಸಿಡ್ ಅಂತಲೇ ಅರ್ಥ. ಈ ಪರೀಕ್ಷೆ ಮಾಡದೆ ನಮ್ಮ ಕ್ಯಾಟಲಿಸ್ಟ್ ಹಸಿರು ಎನ್ನುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ.

ಇನ್ನು ನಮ್ಮ ಆಲ್ಕೋಹಾಲ್ ವಿಷಯ. ಭಾರತಕ್ಕೆ ಇದು ಹೊಸದಲ್ಲ. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸುವ ಬಗ್ಗೆ 1948ರಲ್ಲೇ ಕಾನೂನು ಬಂದಿತ್ತು. 1960ರ ದಶಕದಲ್ಲಿ ಬರೇಲಿಯಲ್ಲಿ ಆಲ್ಕೋಹಾಲ್‌ನಿಂದ ಕೃತಕ ರಬ್ಬರ್ ಮಾಡುತ್ತಿದ್ದರು. ಆಮೇಲೆ ಪೆಟ್ರೋಲಿಯಂನಿಂದ ಬರುವ ನಾಫ್ತಾ ಅಗ್ಗವಾಯಿತು, ಆ ಜ್ಞಾನವೆಲ್ಲ ಮೂಲೆಗೆ ಸರಿಯಿತು. 2001ರಲ್ಲಿ ಎಥೆನಾಲ್ (ಇದೇ ಆಲ್ಕೋಹಾಲ್) ಬೆರೆಸಿದ ಪೆಟ್ರೋಲಿನ ಪ್ರಯೋಗ ನಡೆದ ಜಾಗಗಳಲ್ಲಿ ನಮ್ಮ ಪಕ್ಕದ ಮೀರಜ್ ಕೂಡ ಒಂದು. 2018ರ ಜೈವಿಕ ಇಂಧನ ನೀತಿ 2030ಕ್ಕೆ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಬೆರೆಸುವ ಗುರಿ ಇಟ್ಟಿತು, ನಂತರ ಅದನ್ನು 2025ಕ್ಕೆ ತಂದರು. ಕಾರ್ಖಾನೆಗಳಿಗೆ ದುಡ್ಡು ಬಂತು, ಸರಿ. ಆದರೆ ಹೊಲದಿಂದ ಬಂದ ಇಂಗಾಲವನ್ನೆಲ್ಲ ಎಂಜಿನ್‌ನಲ್ಲಿ ಸುಡುವುದು ನನಗೆ ನಷ್ಟ ಅನ್ನಿಸುತ್ತದೆ.

ಬಿಸಿ ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡ್) ಮೇಲೆ ಆಲ್ಕೋಹಾಲ್ ಆವಿ ಹಾಯಿಸಿದರೆ ಎಥಿಲೀನ್ ಸಿಗುತ್ತದೆ. ಪಾಲಿಥಿನ್‌ಗೆ, ಇನ್ನೆಷ್ಟೋ ರಾಸಾಯನಿಕಗಳಿಗೆ ಅದೇ ಮೂಲ. 46 ಗ್ರಾಂ ಆಲ್ಕೋಹಾಲ್‌ಗೆ 28 ಗ್ರಾಂ ಎಥಿಲೀನ್, ಉಳಿದ 18 ಗ್ರಾಂ ಬರೀ ನೀರು. ಉತ್ತರಾಖಂಡದ ಕಾಶೀಪುರದಲ್ಲಿ 1989ರಿಂದ ಕಾಕಂಬಿಯ ಆಲ್ಕೋಹಾಲ್ ಎಥಿಲೀನ್ ಆಗಿ, ಮುಂದೆ ಗ್ಲೈಕಾಲ್ ಎಂಬ ರಾಸಾಯನಿಕ ಆಗುತ್ತಿದೆ. ಬೆಳಗಾವಿಯ ಯಮನಾಪುರದಲ್ಲಿ ದಶಕಗಳಿಂದ ಬಾಕ್ಸೈಟ್‌ನಿಂದ ಅಲ್ಯುಮಿನಾ ತೆಗೆಯುತ್ತಿದ್ದಾರೆ. ಕ್ಯಾಟಲಿಸ್ಟ್‌ಗೆ ಬೇಕಾದ ಗಾಮಾ ಅಲ್ಯುಮಿನಾ ಅದರದೇ ಇನ್ನೊಂದು ರೂಪ. ಅಲ್ಯುಮಿನಾವೂ ಆಲ್ಕೋಹಾಲೂ ಇರುವ ಊರಲ್ಲಿ ಈ ಕೆಲಸ ಯಾಕೆ ಬೆಳೆಯಬಾರದು?

ಕಬ್ಬಿನ ಸಿಪ್ಪೆಯ ಕಥೆಯೂ ಹೀಗೇ. ಅದರಿಂದ ಫರ್ಫುರಾಲ್ ಎಂಬ ಕೈಗಾರಿಕಾ ರಾಸಾಯನಿಕ ತೆಗೆಯಬಹುದು. 1922ರಲ್ಲಿ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಹೊಟ್ಟಿನಿಂದ ಅದನ್ನು ಮಾಡಿ ಮಾರಲು ಶುರು ಮಾಡಿತು. ಆಗ ಬಳಸಿದ್ದು ಸಲ್ಫ್ಯೂರಿಕ್ ಆಸಿಡ್. ಅದರ ಜಾಗಕ್ಕೆ ಬಾಳಿಕೆ ಬರುವ ಘನ ಆಸಿಡ್ ತರುವ ಪ್ರಯತ್ನ ಇಂದಿಗೂ ನಡೆದಿದೆ.

ನಮ್ಮ ಕಡೆ ಕೆಮಿಸ್ಟ್ರಿ ಓದುವ ಅನೇಕ ಮಕ್ಕಳು ಔಷಧ ಕಂಪನಿಯ ಟೆಸ್ಟಿಂಗ್ ಕೆಲಸ ಬಿಟ್ಟರೆ ಬೇರೆ ದಾರಿಯಿಲ್ಲ ಅಂದುಕೊಂಡಿದ್ದಾರೆ. ದಾರಿ ಇದೆ. ಎಂ.ಎಸ್ಸಿ. ಮುಗಿಸಿ ನೆಟ್ ಅಥವಾ ಗೇಟ್ ಬರೆದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂಥ (ಎನ್‌ಸಿಎಲ್) ಕಡೆ ಪಿಎಚ್‌.ಡಿ.ಗೆ ಸೇರಬಹುದು. ಅಲ್ಲಿವರೆಗೆ ಕಾಯಬೇಕೂ ಇಲ್ಲ. ಮೇಷ್ಟ್ರನ್ನು ಕೇಳಿ, ಎಸ್ಟರ್ ಮಾಡುವ ಪ್ರಾಕ್ಟಿಕಲ್‌ನಲ್ಲಿ ಸಲ್ಫ್ಯೂರಿಕ್ ಆಸಿಡ್ ಬದಲು ಆಸಿಡ್ ರೂಪದ ರೆಸಿನ್ ಮಣಿ ಹಾಕಿ. ಸೋಸಿ, ತೊಳೆದು, ಒಣಗಿಸಿ, ಅದೇ ಮಣಿಯನ್ನು ಮತ್ತೆ ಬಳಸಿ. ಎರಡನೇ, ಮೂರನೇ ಸಲ ಎಸ್ಟರ್ ಎಷ್ಟು ಕಡಿಮೆಯಾಯಿತು ಅಂತ ತೂಗಿ ಬರೆದಿಡಿ.