ಕುಣಿತ ಮೆರವಣಿಗೆಗೆ, ನುಡಿ ಟಿ.ವಿ.ಗೆ: ಮೈಲಾರ ಕಾರ್ಣಿಕದ ಹಿನ್ನೆಲೆ

ಮೈಲಾರದ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಕೂಗುವ ಒಂದು ಸಾಲಿನ ಭವಿಷ್ಯವಾಣಿಯೇ ಕಾರ್ಣಿಕ. ಆ ನುಡಿ ಹೊರಬಿದ್ದು ಅರ್ಧ ಗಂಟೆ ಕಳೆಯುವುದರೊಳಗೆ ಅದರ ನಾಲ್ಕಾರು ಅರ್ಥಗಳು ಮೊಬೈಲುಗಳಲ್ಲಿ ಓಡಾಡುತ್ತಿರುತ್ತವೆ. ಒಬ್ಬರಿಗೆ ಅದು ಮಳೆ, ಇನ್ನೊಬ್ಬರಿಗೆ ಸರ್ಕಾರ, ಮತ್ತೊಬ್ಬರಿಗೆ ಪೇಟೆ ಧಾರಣೆ. ನುಡಿದ ಗೊರವಯ್ಯ ಆ ಹೊತ್ತಿಗೆ ಸುಮ್ಮನಾಗಿರುತ್ತಾನೆ. ಅರ್ಥ ಬಿಡಿಸುವುದು ಅವನ ಕೆಲಸವಲ್ಲ. ಹಾಗಾದರೆ ಯಾರದ್ದು? ಗೋಜಲು ಶುರುವಾಗುವುದೇ ಇಲ್ಲಿಂದ.

ತುಂಗಭದ್ರೆಯ ದಂಡೆಯ ಮೈಲಾರ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ. ಮಣಿ, ಮಲ್ಲ ಎಂಬ ರಾಕ್ಷಸರನ್ನು ಏಳುಕೋಟಿ ದಂಡಿನೊಂದಿಗೆ ಬಂದು ಕೊಂದ ಶಿವನೇ ಮೈಲಾರಲಿಂಗ ಎಂಬುದು ಕಥೆ. ಜೆಜೂರಿಯ ಖಂಡೋಬನೂ ತೆಲುಗು ನಾಡಿನ ಮಲ್ಲನ್ನನೂ ಅವನೇ. ಅವನ ದೀಕ್ಷೆ ಪಡೆದವರು ಗೊರವರು. ಕರಿ ಕಂಬಳಿ, ಡಮರುಗ, ಭಂಡಾರದ ಅಂದರೆ ಅರಿಸಿನ ಪುಡಿಯ ಚೀಲ, ಉಣ್ಣುವುದಕ್ಕೆ ದೋಣಿ ಎಂಬ ಪಾತ್ರೆ. ಮೈಸೂರು ಸೀಮೆಯಲ್ಲಾದರೆ ತಲೆಗೆ ಕರಡಿ ಕೂದಲಿನ ಕುಲಾವಿ.

ಭರತ ಹುಣ್ಣಿಮೆ ಕಳೆದೊಡನೆ ಮೈಲಾರದ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುವವರು ಈಗಲೂ ಇದ್ದಾರೆ. ಉಪವಾಸ ವ್ರತದಲ್ಲಿರುವ ಗೊರವಯ್ಯ ಸುಮಾರು 15 ಅಡಿ ಎತ್ತರದ ಬಿಲ್ಲನ್ನು ಸರಸರನೆ ಏರಿ, ಆಕಾಶ ನೋಡಿ, ‘ಸದ್ದಲೇ’ ಎಂದು ಕೂಗುತ್ತಾನೆ. ಆ ಒಂದು ಕೂಗಿಗೆ ಪೀಪಿ, ಡಮರುಗ, ಮಕ್ಕಳ ಅಳು ಎಲ್ಲವೂ ನಿಲ್ಲುತ್ತವೆ. ಒಂದು ಸಾಲು. ಆಮೇಲೆ ಮೇಲಿನಿಂದ ಹಾಗೆಯೇ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮೈಯನ್ನೂ ಮಾತನ್ನೂ ಬೆಸೆಯಬೇಕೆಂದು ನಮ್ಮ ಪ್ರಯೋಗಶೀಲ ನೃತ್ಯರಂಗಭೂಮಿಯವರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಇಲ್ಲಿ ಹಸಿವು, ಏರುವಿಕೆ, ಮೌನ, ನುಡಿ, ಬೀಳುವಿಕೆ ಐದೂ ಸೇರಿ ಮುಗಿಯುವುದಕ್ಕೆ ಕೆಲವೇ ನಿಮಿಷ ಸಾಕು.

ಆ ಸಾಲಿನ ವ್ಯಾಕರಣವನ್ನು ಗಮನಿಸಬೇಕು. ‘ಆಗುತ್ತದೆ’ ಎಂದು ಅದು ಸಾಮಾನ್ಯವಾಗಿ ಹೇಳುವುದಿಲ್ಲ. ‘ಆದೀತಲೇ ಪರಾಕ್’ ಎನ್ನುತ್ತದೆ. ಶಾಲೆಯಲ್ಲಿ ನಾವು ಸಂಭಾವನಾರ್ಥಕ ಎಂದು ಬಾಯಿಪಾಠ ಮಾಡಿದ ರೂಪ ಅದು. ಆಗಬಹುದು, ಆಗದೆಯೂ ಇರಬಹುದು, ಎಚ್ಚರವಾಗಿರಿ ಎಂಬಷ್ಟೇ ಅದರ ಬಿಗಿ. ‘ಆದೀತು’ ಎಂಬುದರ ದೀರ್ಘ ಕಳೆದು ‘ಆದಿತು’ ಎಂದು ಯಾರೂ ಬರೆಯುವುದಿಲ್ಲ, ಸರಿ. ಆದರೆ ‘ಬೀಸೀತು’ ‘ಬೀಸಿತು’ ಆಗುವುದಕ್ಕೆ ಒಂದು ದೀರ್ಘ ತಪ್ಪಿದರೆ ಸಾಕು, ಮುಂದಾಗಬಹುದಾದದ್ದು ಆಗಿಹೋದದ್ದಾಗುತ್ತದೆ. ಬಿಲ್ಲಿನ ತುದಿಯಿಂದ ಕೂಗಿದ ಮಾತಿನ ದೀರ್ಘ, ಹ್ರಸ್ವ ಬರೆದುಕೊಳ್ಳುವವರ ಕಿವಿಗೆ ಬಿಟ್ಟದ್ದು.

ಬಹುಕಾಲ ಈ ನುಡಿಯಿಂದ ಜನ ಕೇಳಿದ್ದು ಮಳೆ, ಬೆಳೆ. ಯುಗಾದಿಯ ಪಂಚಾಂಗ ಶ್ರವಣದಲ್ಲಿ ಮೇಘಾಧಿಪತಿ, ಸಸ್ಯಾಧಿಪತಿಗಳನ್ನು ಕೇಳಿದಂತೆಯೇ ಇದು. 1876–78ರ ಬರ ಬಳ್ಳಾರಿ ಸೀಮೆಯನ್ನು ಹಿಂಡಿದ ಮೇಲೆ ಬ್ರಿಟಿಷರಿಗೂ ಅದೇ ಚಿಂತೆ ಹತ್ತಿತು. 1875ರಲ್ಲಿ ಹುಟ್ಟಿದ್ದ ಹವಾಮಾನ ಇಲಾಖೆಯ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮವನ್ನು ಲೆಕ್ಕಹಾಕಿ ಮುಂಗಾರು ಹೇಳಹೊರಟರು. 1886ರಲ್ಲಿ ಅದು ಅಧಿಕೃತ ಮುನ್ಸೂಚನೆಯಾಯಿತು. ಮುಂದೆ ರೇಡಿಯೊ, ಉಪಗ್ರಹ, 1988ರಲ್ಲಿ ರಾಜ್ಯದ್ದೇ ಬರ ನಿಗಾ ಕೇಂದ್ರ.

ಮಳೆಯ ಲೆಕ್ಕ ಹೀಗೆ ಕಚೇರಿಗೆ ಹೋದಂತೆ ಕಾರ್ಣಿಕಕ್ಕೆ ಬೇರೆ ಗಿರಾಕಿಗಳು ಹುಟ್ಟಿಕೊಂಡರು. ಗೊರವರ ಕುಣಿತ ‘ಜಾನಪದ ಕಲೆ’ ಎಂಬ ಹೆಸರು ಹೊತ್ತು ಮೈಸೂರು ದಸರಾ ಮೆರವಣಿಗೆಗೂ ಉತ್ಸವದ ವೇದಿಕೆಗಳಿಗೂ ನಡೆಯಿತು, ನುಡಿಯನ್ನು ಮನೆಯಲ್ಲೇ ಬಿಟ್ಟು. ನುಡಿ ಕಳೆದೆರಡು ದಶಕಗಳಲ್ಲಿ ಸುದ್ದಿ ವಾಹಿನಿಗಳ ಚರ್ಚೆಗೆ ಹೋಯಿತು, ಕುಣಿತವನ್ನೂ ಉಪವಾಸವನ್ನೂ ಬಿಟ್ಟು. ನಡುವಿನ ಮೌನ ಎರಡೂ ಕಡೆ ಹೋಗಲಿಲ್ಲ. ಅದನ್ನು ಪ್ರಸಾರ ಮಾಡುವುದು ಕಷ್ಟ ಎನ್ನಿ.

2023ರ ಫೆಬ್ರುವರಿಯ ನುಡಿ ‘ಅಂಬಲಿ ಹಳಸಿತು, ಕಂಬಳಿ ಬೀಸೀತಲೇ ಪರಾಕ್’. ವಿಧಾನಸಭಾ ಚುನಾವಣೆ ಎದುರಿಗಿತ್ತು. ಕಂಬಳಿಯನ್ನು ಹಿಡಿದುಕೊಂಡು ಜಾತಿ, ನಾಯಕ, ಕುರ್ಚಿ ಎಂದು ಎಳೆದಾಡಿದವರಿಗೆ ಮೇ ತಿಂಗಳಲ್ಲಿ ಕುರುಬ ಸಮುದಾಯದ ಸಿದ್ದರಾಮಯ್ಯ ಮುಖ್ಯಮಂತ್ರಿಯಾದಾಗ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಂಬಲಿಯ ವಿಚಾರ ಹೆಚ್ಚು ಜನಕ್ಕೆ ನೆನಪಾಗಲಿಲ್ಲ. ಅದೇ ವರ್ಷ ಹವಾಮಾನ ಇಲಾಖೆ ಏಪ್ರಿಲಿನಲ್ಲಿ ದೇಶಕ್ಕೆ ವಾಡಿಕೆಯ ಶೇ 96ರಷ್ಟು ಮಳೆ ಎಂದಿತ್ತು. ಬಂದದ್ದು ಶೇ 94. ಲೆಕ್ಕದಲ್ಲಿ ದೊಡ್ಡ ತಪ್ಪೇನಲ್ಲ. ಆದರೆ 1901ರಿಂದೀಚೆಗೆ ಇಷ್ಟು ಒಣಗಿದ ಆಗಸ್ಟನ್ನು ದೇಶ ಕಂಡಿರಲಿಲ್ಲ, ಸರಾಸರಿಯ ಮಳೆ ಯಾರ ಹೊಲಕ್ಕೂ ಬೀಳುವುದಿಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದಿತು. ಪಟ್ಟಿ ಬೆಳೆದು ಕೊನೆಗೆ 236ರಲ್ಲಿ 223ಕ್ಕೆ ಮುಟ್ಟಿತು. ಆ ಹೊತ್ತಿಗೆ ಫೆಬ್ರುವರಿಯ ಚರ್ಚೆಯ ಕುರ್ಚಿಗಳು ಬೇರೆ ವಿಷಯಕ್ಕೆ ತಿರುಗಿದ್ದವು, ಮೈಲಾರದಲ್ಲಿ ಮುಂದಿನ ಜಾತ್ರೆಗೆ ಇನ್ನು ಕೆಲವೇ ತಿಂಗಳು ಉಳಿದಿತ್ತು.