ದಡಾರದ ಎರಡನೇ ಡೋಸ್ 'ಬೂಸ್ಟರ್' ಅಲ್ಲ: ಲಸಿಕೆ ಸುದ್ದಿ ಬರೆಯುವವರಿಗೆ ಟಿಪ್ಪಣಿ

ಮಕ್ಕಳ ಲಸಿಕೆ ವೇಳಾಪಟ್ಟಿ ಬಗ್ಗೆ ಬರೆಯುವಾಗ ಸುಲಭವಾಗಿ ಎಡವುವ ಜಾಗ 'ಬೂಸ್ಟರ್' ಎಂಬ ಪದ. ಮೊದಲು ಸಿಕ್ಕ ರಕ್ಷಣೆ ಕಾಲ ಕಳೆದಂತೆ ಕುಂದಿದಾಗ ಅದನ್ನು ಮತ್ತೆ ಹೆಚ್ಚಿಸಲು ಕೊಡುವ ಡೋಸ್ ಬೂಸ್ಟರ್. ಎರಡನೇ ಸಲ ಕೊಟ್ಟಿದ್ದೆಲ್ಲ ಬೂಸ್ಟರ್ ಅಲ್ಲ. ದಡಾರವನ್ನೇ ತೆಗೆದುಕೊಳ್ಳಿ. ಒಂದು ವರ್ಷ ತುಂಬಿದ ಮೇಲೆ ಮೊದಲ ಡೋಸ್ ಕೊಟ್ಟರೆ 100ರಲ್ಲಿ ಸುಮಾರು 93 ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಎರಡೂ ಆದರೆ 97. ಮೊದಲನೆಯದು ಹಿಡಿಯದ ಮಕ್ಕಳಿಗಾಗಿಯೇ ಎರಡನೆಯದು. ಯಾರಿಗೆ ಹಿಡಿದಿಲ್ಲ ಅಂತ ಮುಖ ನೋಡಿ ಹೇಳೋಕಾಗಲ್ಲ ಅಲ್ವಾ? ಅದಕ್ಕೇ ಎಲ್ಲರಿಗೂ ಕೊಡುತ್ತಾರೆ.

ಹಾಗಿದ್ದರೆ ಹುಟ್ಟಿದ ಕೂಡಲೇ ಯಾಕೆ ಕೊಡುವುದಿಲ್ಲ? ತಾಯಿಯಿಂದ ಬಂದ ಪ್ರತಿಕಾಯಗಳು (ರೋಗಾಣುಗಳ ವಿರುದ್ಧ ಹೋರಾಡುವ ಪ್ರೋಟೀನುಗಳು) ಕೆಲವು ತಿಂಗಳು ಮಗುವಿನ ರಕ್ತದಲ್ಲಿರುತ್ತವೆ. ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸನ್ನೂ ಅವು ಹೊಡೆದುಹಾಕುತ್ತವೆ. ಕಾಯುತ್ತಾ ಕೂತರೆ ಅಷ್ಟರಲ್ಲಿ ಮಗುವಿಗೆ ದಡಾರವೇ ಬರಬಹುದು. ಆದ್ದರಿಂದ ರೋಗ ಹೆಚ್ಚು ಹರಡುವ ದೇಶಗಳಲ್ಲಿ 9 ತಿಂಗಳಿಗೆ, ಕಡಿಮೆ ಇರುವಲ್ಲಿ 12 ತಿಂಗಳಿಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ದೇಶಗಳ ಪಟ್ಟಿ ಬೇರೆ ಬೇರೆ ಇದೆ ಅಂತ 'ತಜ್ಞರಲ್ಲೇ ಒಮ್ಮತವಿಲ್ಲ' ಎಂದು ಸುಮ್ನೆ ಬರೆದುಬಿಡಬೇಡಿ. ಹೆಪಟೈಟಿಸ್-ಬಿ ಲೆಕ್ಕ ಇದಕ್ಕೆ ಉಲ್ಟಾ. ಹೆರಿಗೆ ಹೊತ್ತಲ್ಲೇ ತಾಯಿಯಿಂದ ಸೋಂಕು ದಾಟಬಹುದು, ಹಾಗಾಗಿ ಮೊದಲ ಡೋಸ್ 24 ಗಂಟೆಯೊಳಗೆ.

ಡೋಸ್ ತಡವಾದರೆ ಸಾಮಾನ್ಯವಾಗಿ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ತೀರಾ ಬೇಗ ಕೊಟ್ಟಿದ್ದು ಮಾತ್ರ ಲೆಕ್ಕಕ್ಕೆ ಬಾರದೆ ಹೋಗಬಹುದು. ದಡಾರದ ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಅಂತರ ಬೇಕು.

ಇನ್ನು ಅಂಕಿಗಳು. ಇದನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಮಾಡಿ ನೋಡಿ, ನನಗೆ ಅರ್ಥವಾಗಿದ್ದೇ ಹಾಗೆ. ಒಂದು ಶಾಲೆಯಲ್ಲಿ 1000 ಮಕ್ಕಳು. 950 ಮಕ್ಕಳಿಗೆ ಎರಡೂ ಡೋಸ್ ಆಗಿದೆ, 50 ಮಕ್ಕಳಿಗೆ ಒಂದೂ ಆಗಿಲ್ಲ. ದಡಾರ ನುಗ್ಗಿ ರಕ್ಷಣೆ ಇಲ್ಲದ ಎಲ್ಲರಿಗೂ ತಗುಲಿತು ಅಂದುಕೊಳ್ಳಿ. 950ರಲ್ಲಿ ಶೇ. 3 ಅಂದರೆ ಸುಮಾರು 28 ಮಕ್ಕಳು, ಜೊತೆಗೆ ಆ 50. ಒಟ್ಟು 78. 'ರೋಗ ಬಂದವರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಮಂದಿ ಲಸಿಕೆ ಪಡೆದವರು!' ಶೀರ್ಷಿಕೆ ರೆಡಿ. ಲೆಕ್ಕವೂ ತಪ್ಪಿಲ್ಲ. ಆದರೆ ಲಸಿಕೆ ಪಡೆದ 950ರಲ್ಲಿ ಮಲಗಿದ್ದು 28, ಪಡೆಯದ 50ರಲ್ಲಿ ಐವತ್ತಕ್ಕೆ ಐವತ್ತೂ. ಆಸ್ಪತ್ರೆಯ ಪಟ್ಟಿಯಲ್ಲಿ 78 ಹೆಸರಷ್ಟೇ ಇರುತ್ತವೆ. 950 ಎಂಬ ಅಂಕಿ ಬೇಕಾದರೆ ಶಾಲೆಗೆ ಫೋನ್ ಮಾಡಿಯೇ ಕೇಳಬೇಕು.