ಗುರಿ ಬೇಗ ಬರುತ್ತದೆ, ಬೇಟೆ ತಡವಾಗಿ

ಮನು ಭಾಕರ್ ಪಿಸ್ತೂಲು ಹಿಡಿದದ್ದು 2016ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಬಾಕ್ಸಿಂಗ್, ಸ್ಕೇಟಿಂಗ್, ಟೆನಿಸ್ ಎಂದು ಸಿಕ್ಕಿದ್ದನ್ನೆಲ್ಲ ಒಂದು ಕೈ ನೋಡಿದ್ದ ಹುಡುಗಿ. 2018ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಗ್ವಾದಲಹಾರದಲ್ಲಿ ನಡೆದ ವಿಶ್ವಕಪ್‌ನಲ್ಲಿ ಎರಡು ಚಿನ್ನ ಗೆದ್ದಾಗ ಆಕೆಗೆ ಹದಿನಾರು. ಎರಡೇ ವರ್ಷದಲ್ಲಿ ಜಗತ್ತಿನ ಮೊದಲ ಸಾಲು!

ಇನ್ನೊಂದು ಕಡೆ, ಪೂರ್ವ ಪರಾಗ್ವೆಯ ಕಾಡಿನಲ್ಲಿ ಅಚೆ ಎಂಬ ಬುಡಕಟ್ಟಿದೆ. ಅಲ್ಲಿನ ಗಂಡಸರು ಬಿಲ್ಲಿನ ಜೊತೆಗೇ ಬೆಳೆದವರು. ಅವರ ಮೈಬಲ ಇಪ್ಪತ್ತರ ನಡುವಿನ ವಯಸ್ಸಿಗೆ ತುತ್ತತುದಿ ಮುಟ್ಟುತ್ತದೆ. ಆದರೆ ಯಾರು ದಿನಕ್ಕೆ ಎಷ್ಟು ಮಾಂಸ ತರುತ್ತಾರೆ ಎಂದು ಮಾನವಶಾಸ್ತ್ರಜ್ಞರು ವರ್ಷಗಟ್ಟಲೆ ತೂಗಿ ನೋಡಿದಾಗ, ಹೆಚ್ಚು ತರುತ್ತಿದ್ದವರು ನಲವತ್ತರ ಆಸುಪಾಸಿನವರು. ಬಲ ಇಳಿಯತೊಡಗಿ ಹದಿನೈದು ವರ್ಷಗಳ ಮೇಲೆ ಬೇಟೆ ಕೈಗೂಡುತ್ತದೆ.

ಎರಡೂ ಕಡೆ ಮಾಡುವುದು ಗುರಿಯಿಟ್ಟು ಹೊಡೆಯುವ ಕೆಲಸವನ್ನೇ. ಹಾಗಾದರೆ ಒಂದಕ್ಕೆ ಎರಡು ವರ್ಷ, ಇನ್ನೊಂದಕ್ಕೆ ಅರ್ಧ ಆಯುಷ್ಯ ಏಕೆ?

ಮೊದಲು ಶೂಟಿಂಗ್ ರೇಂಜಿನೊಳಗೆ ಹೋಗೋಣ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ನಡುವಿನ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಹಾರುವ ಗುಂಡು ಮಾತ್ರ ನಾಲ್ಕೂವರೆ ಮಿಲಿಮೀಟರ್. ಇಷ್ಟು ಸೂಕ್ಷ್ಮಕ್ಕೆ ಇಳಿದ ಮೇಲೆ ಶೂಟರ್‌ಗೆ ತನ್ನ ಎದೆಬಡಿತವೇ ತೊಡಕಾಗುತ್ತದೆ. ಹೃದಯ ಕುಗ್ಗಿದಾಗ ರಕ್ತದ ಅಲೆ ಮೈಯಲ್ಲೆಲ್ಲ ಓಡಿ ನಳಿಗೆಯ ತುದಿಯನ್ನು ಅಲುಗಿಸುತ್ತದೆ. ನುರಿತವರು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುತ್ತಾರೆಂದೂ, ಹೊಸಬರು ಬಡಿತವನ್ನು ಲೆಕ್ಕಿಸದೆ ಎಳೆದುಬಿಡುತ್ತಾರೆಂದೂ ಫಿನ್‌ಲ್ಯಾಂಡಿನ ಸಂಶೋಧಕರು 1980ರ ದಶಕದಲ್ಲೇ ಅಳೆದು ತೋರಿಸಿದ್ದರು. ಕಣ್ಣಿನದೂ ಇದೇ ಕತೆ. ಬೆರಳು ಕದಲುವ ಮುಂಚಿನ ಕೊನೆಯ ನೋಟ ಪಳಗಿದವರಲ್ಲಿ ಹೆಚ್ಚು ಹೊತ್ತು ಒಂದೇ ಕಡೆ ನೆಟ್ಟಿರುತ್ತದೆ.

ಇವು ಸುಲಭವಲ್ಲ. ಆದರೂ ಕಲಿಯುವವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ದೂರ ಬದಲಾಗುವುದಿಲ್ಲ, ಬೆಳಕು ಬದಲಾಗುವುದಿಲ್ಲ, ಗುರಿ ಓಡಿಹೋಗುವುದಿಲ್ಲ. ಗುಂಡು ಹಾರಿದ ಮರುಕ್ಷಣ ಪರದೆಯ ಮೇಲೆ ಅಂಕ ಮೂಡುತ್ತದೆ: 10.4, 9.8, 10.1. ತಪ್ಪು ಎಷ್ಟಾಯಿತು, ಯಾವ ಕಡೆಗಾಯಿತು ಎಂಬುದು ಕೂಡಲೇ ಗೊತ್ತಾಗುತ್ತದೆ. ಮನುಷ್ಯನ ಮಿದುಳು ವೇಗವಾಗಿ ಕಲಿಯುವುದು ಇಂಥ ಕಡೆಯೇ. ದಿನಕ್ಕೆ ನೂರಾರು ಬಾರಿ ತಪ್ಪಿ, ನೂರಾರು ಬಾರಿ ತಿದ್ದಿಕೊಳ್ಳಬಹುದು.

ಅಲ್ಲದೆ, ಗುರಿಯಿಡುವ ಸಾಮರ್ಥ್ಯದ ಅರ್ಧ ಪಾಲು ನಮ್ಮ ಮೈಯಲ್ಲೇ ಬಂದದ್ದು. ಚಿಂಪಾಂಜಿ ನಮಗಿಂತ ಬಲಶಾಲಿ. ಆದರೆ ಅದು ಎಸೆದ ವಸ್ತು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಷ್ಟೇ ಹೋಗುತ್ತದೆ. ಅಭ್ಯಾಸವಿರುವ ಹನ್ನೆರಡು ವರ್ಷದ ಹುಡುಗ ಅದರ ಮೂರು ಪಟ್ಟು ವೇಗದಲ್ಲಿ ಚೆಂಡು ಎಸೆಯಬಲ್ಲ. ಇದರ ಗುಟ್ಟು ಭುಜದಲ್ಲಿದೆ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ವಿವರಿಸಿತು. ತೋಳನ್ನು ಹಿಂದಕ್ಕೆಳೆದಾಗ ಭುಜದ ಸ್ನಾಯು, ಸ್ನಾಯುರಜ್ಜುಗಳು ಹಿಗ್ಗಿ ಶಕ್ತಿ ತುಂಬಿಕೊಳ್ಳುತ್ತವೆ, ಬಿಟ್ಟಾಗ ತೋಳಿನ ಮೂಳೆ ಸೆಕೆಂಡಿಗೆ 9,000 ಡಿಗ್ರಿಯ ವೇಗದವರೆಗೂ ತಿರುಗುತ್ತದೆ. ಹೀಗೆಸೆಯಲು ಬೇಕಾದ ಮೈಕಟ್ಟು ಪೂರ್ಣವಾಗಿ ಒಟ್ಟುಗೂಡಿದ್ದು ಸುಮಾರು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಎಂಬುದು ಅವರ ವಾದ. ಆ ಅಧ್ಯಯನದ ಲೇಖಕರಲ್ಲೊಬ್ಬರಾದ ಮಧುಸೂದನ್ ವೆಂಕಟೇಶನ್ ಆಗ ಇದ್ದದ್ದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. ಮಾವಿನಕಾಯಿಗೆ ಕಲ್ಲು ಬೀರುವ ಮಗುವಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದಕ್ಕೆ ಭುಜದ ಈ ರಚನೆಯೂ ಒಂದು ಕಾರಣ.

ಹಾಗೆಂದು ಹಿರಿಯರು ಕೈಕಟ್ಟಿ ಕುಳಿತಿರುವುದಿಲ್ಲ. ಅವರು ಮಾಡುವ ಮೊದಲ ಕೆಲಸ ಆಯುಧವನ್ನು ಕುಗ್ಗಿಸಿ ಕೊಡುವುದು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಕೂಸಿನ ಕೈಗೆ ಮುಟ್ಟಿಸುವ ರೂಢಿಯನ್ನು ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರೇ ದಾಖಲಿಸಿದೆ. ಅದು ಶಾಸ್ತ್ರಕ್ಕೆ. ಮಧ್ಯ ಆಫ್ರಿಕಾದ ಅಕಾ ಜನ ನಡೆಯಲು ಕಲಿಯುವ ಮಗುವಿಗೆ ನಿಜವಾಗಿಯೂ ಕೆಲಸಕ್ಕೆ ಬರುವ ಚಿಕ್ಕ ಕೊಡಲಿ, ಅಗೆಯುವ ಕೋಲು, ಈಟಿ ಕೊಡುತ್ತಾರೆ. ತಾಂಜಾನಿಯಾದ ಹಾಡ್ಜಾ ಹುಡುಗರಿಗೆ ಮೂರು ವರ್ಷಕ್ಕೇ ಮೊದಲ ಬಿಲ್ಲು ಸಿಗುತ್ತದೆ, ಆಮೇಲೆ ದಿನವೂ ಗಂಟೆಗಟ್ಟಲೆ ಗುರಿ ಆಟ. ಅಮೆರಿಕದ ಆರೆಗಾನ್ ಕರಾವಳಿಯ ಪಾರ್-ಟೀ ಎಂಬ ನೆಲೆಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯ, ತಿಮಿಂಗಿಲದ ಮೂಳೆಯಲ್ಲಿ ಕೆತ್ತಿದ ಈಟಿ ಎಸೆಯುವ ಹಿಡಿಕೋಲುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು ದೊಡ್ಡವರ ಬೆರಳಿಗೆ ಹೊಂದುವಂಥವಲ್ಲ. ಮಕ್ಕಳ ಕೈ ಬೆಳೆದ ಹಾಗೆ ಅಳತೆ ಬದಲಿಸಿಕೊಟ್ಟ ಸಲಕರಣೆಗಳವು ಎಂದು 2019ರಲ್ಲಿ ಪುರಾತತ್ತ್ವಜ್ಞರು ಗುರುತಿಸಿದರು. ಜರ್ಮನಿಯ ಶೋನಿಂಗೆನ್‌ನಲ್ಲಿ ದೊರೆತ, ಎರಡು-ಮೂರು ಲಕ್ಷ ವರ್ಷ ಹಿಂದಿನ ಎರಡೂ ತುದಿ ಚೂಪಾದ ಎಸೆಗೋಲನ್ನು ಮರುಪರಿಶೀಲಿಸಿದವರೂ, ಮುಕ್ಕಾಲು ಮೀಟರ್‌ಗಿಂತ ತುಸುವೇ ಉದ್ದದ ಅದನ್ನು ಮಕ್ಕಳೂ ಎಸೆದು ಕಲಿತಿರಬಹುದು ಎನ್ನುತ್ತಾರೆ.

ಕಷ್ಟವನ್ನು ಅಳತೆಗೆ ಇಳಿಸಿಕೊಡುವ ಈ ಉಪಾಯ ಮನುಷ್ಯರ ಸ್ವತ್ತೇನಲ್ಲ. ಆಫ್ರಿಕಾದ ಕಲಹರಿ ಮರುಭೂಮಿಯ, ಮುಂಗುಸಿ ಕುಲದ ಮೀರ್ಕ್ಯಾಟ್‌ಗಳು ಮರಿಗಳಿಗೆ ಚೇಳು ಹಿಡಿಯುವುದನ್ನು ಕಲಿಸುವ ಬಗೆ ಬೆರಗು ಹುಟ್ಟಿಸುತ್ತದೆ. ಮೊದಲು ಸತ್ತ ಚೇಳು, ಆಮೇಲೆ ಕೊಂಡಿ ಕಿತ್ತ ಜೀವಂತ ಚೇಳು, ಕೊನೆಗೆ ಕೊಂಡಿಯೂ ಇರುವ ಚೇಳು. ಮರಿ ಎಷ್ಟು ಬೆಳೆದಿದೆಯೆಂದು ಹಿರಿಯ ಪ್ರಾಣಿ ತಿಳಿಯುವುದು ಅದು ಆಹಾರಕ್ಕಾಗಿ ಕೂಗುವ ದನಿಯಿಂದ. ಸಂಶೋಧಕರು ಬಲಿತ ಮರಿಗಳ ದನಿಯನ್ನು ಧ್ವನಿವರ್ಧಕದಲ್ಲಿ ಹಾಕಿದಾಗ, ಎಳೆ ಮರಿಗಳ ಮುಂದೆಯೂ ಜೀವಂತ ಚೇಳು ತಂದು ಹಾಕಿದವಂತೆ.

ಮನುಷ್ಯರಲ್ಲಿ ಕಲಿಸುವವರು ಯಾರು? ಅಕಾ ಜನರನ್ನು ಕೇಳಿದಾಗ, ತಮ್ಮ ಕಸುಬಿನ ಶೇಕಡ 80ರಷ್ಟನ್ನು ಅಪ್ಪ-ಅಮ್ಮನಿಂದಲೇ ಕಲಿತೆವು ಎಂದರು. 1986ರ ಈ ಅಧ್ಯಯನ ಬಹಳ ಕಾಲ ಪ್ರಮಾಣವಾಗಿತ್ತು. ಆದರೆ ನೆನಪಿನಿಂದ ಹೇಳುವುದೇ ಬೇರೆ, ನಡೆಯುವುದೇ ಬೇರೆ. ಬೇಟೆ-ಸಂಗ್ರಹದ ಸಮಾಜಗಳ ಮಕ್ಕಳ ಬಗ್ಗೆ ದಾಖಲಾದದ್ದನ್ನೆಲ್ಲ 2017ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಬೇರೆ ಚಿತ್ರ ಕಂಡಿತು. ಶೈಶವದಲ್ಲಿ ಹೆತ್ತವರು, ನಡುವಿನ ವಯಸ್ಸಿನಲ್ಲಿ ತಮಗಿಂತ ಒಂದೆರಡು ವರ್ಷ ದೊಡ್ಡ ಮಕ್ಕಳ ಗುಂಪು, ಮೀಸೆ ಮೂಡುವ ಹೊತ್ತಿಗೆ ಮತ್ತೆ ಪಳಗಿದ ಹಿರಿಯರು. ಓತಿಕ್ಯಾತ, ಇಲಿ, ಹಕ್ಕಿಗಳ ಮೇಲಿನ ಪ್ರಯೋಗವೆಲ್ಲ ನಡೆಯುವುದು ದೊಡ್ಡವರ ಕಣ್ಣು ತಪ್ಪಿಸಿ, ಆ ನಡುವಿನ ವರ್ಷಗಳಲ್ಲಿ. ಚಾಟರಬಿಲ್ಲು ಮಾಡಲು ಯಾವ ಮರದ ಕವಲು ಒಳ್ಳೆಯದೆಂದು ಅಪ್ಪನನ್ನು ಕೇಳಿ ತಿಳಿದುಕೊಂಡ ಹುಡುಗರು ಕರ್ನಾಟಕದಲ್ಲೂ ಹೆಚ್ಚಿರಲಾರರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾಡ್ಜಾಗಳಲ್ಲಿ ಕೆಲವು ಮಕ್ಕಳು ಕಾಡಿನಲ್ಲೇ ಬೆಳೆದರೆ, ಕೆಲವರು ವರ್ಷಗಟ್ಟಲೆ ವಸತಿಶಾಲೆಯಲ್ಲಿರುತ್ತಾರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇವರಿಬ್ಬರ ನಡುವೆ ಬಿಲ್ಲುಗಾರಿಕೆಯ ಪಂದ್ಯ ಏರ್ಪಡಿಸಿತು. ಶಾಲೆಯಲ್ಲಿ ಕಳೆದ ವರ್ಷಗಳು ಗುರಿಯನ್ನು ಕೆಡಿಸಿರಲಿಲ್ಲ! ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಡದ ಜಾತಿಯ ಹಲ್ಲಿಗಳನ್ನು ಹಿಡಿಯುವ ಮಾರ್ಟು ಮಕ್ಕಳಲ್ಲೂ, ಎಷ್ಟು ಸಿಗುತ್ತದೆ ಎಂಬುದನ್ನು ನಿರ್ಧರಿಸಿದ್ದು ಅನುಭವಕ್ಕಿಂತ ಹೆಚ್ಚಾಗಿ ಕಾಲಿನ ಉದ್ದ. ಅಂದರೆ ಸಣ್ಣ ಬೇಟೆಯೂ ಸ್ಥಿರವಾದ ಗುರಿಯೂ ಬೇಗ ಒಲಿಯುತ್ತವೆ. ದೊಡ್ಡ ಪ್ರಾಣಿಯ ಬೇಟೆಯಲ್ಲಿ ತಡವಾಗಿ ಬರುವುದು ಗುರಿಯಲ್ಲ, ಗುರಿಯ ಹತ್ತಿರ ಹೋಗುವ ವಿದ್ಯೆ.

ಆ ವಿದ್ಯೆ ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ನಮೀಬಿಯಾದ ಜುಹ್ವಾನ್ಸಿ ಜಾಡುಗಾರರ ಪರೀಕ್ಷೆಯೇ ಸಾಕ್ಷಿ. ಸಿಂಹ, ಚಿರತೆಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದ್ದ ವಿಜ್ಞಾನಿಗಳಿಗೆ ಯಾವ ಪ್ರಾಣಿ ಎಲ್ಲಿ ಏನು ಮಾಡಿತೆಂದು ಮೊದಲೇ ಗೊತ್ತಿತ್ತು. ಜಾಡುಗಾರರು ಮರಳಿನ ಮೇಲಿನ ಹೆಜ್ಜೆ ನೋಡಿ ಪ್ರಾಣಿಯ ಜಾತಿ, ಲಿಂಗ, ವಯಸ್ಸು, ಅದು ಇಂಥದೇ ಪ್ರಾಣಿಯೆಂಬುದನ್ನು ಹೇಳಬೇಕಿತ್ತು. 569 ಬಾರಿ ಕೇಳಿದರು, ಶೇಕಡ 98ರಷ್ಟು ಉತ್ತರ ಸರಿಯಾಗಿತ್ತು. ಕಲಹರಿಯ ಬೇಟೆಗಾರರ ಜೊತೆ ತಿರುಗಿದ ದಕ್ಷಿಣ ಆಫ್ರಿಕಾದ ಲೂಯಿಸ್ ಲೀಬೆನ್‌ಬರ್ಗ್, ಈ ಊಹೆ ಮತ್ತು ಪರೀಕ್ಷೆಯ ಕ್ರಮವೇ ವಿಜ್ಞಾನದ ಹುಟ್ಟು ಎನ್ನುವವರೆಗೂ ಹೋಗುತ್ತಾರೆ. ಅದು ಸ್ವಲ್ಪ ಅತಿಯಾಯಿತೇನೋ ಎಂದು ನನಗೆ ಅನಿಸುತ್ತದೆ. ಆದರೂ ಹೆಜ್ಜೆ ಕಳೆದುಹೋದ ಕಲ್ಲುನೆಲದಲ್ಲಿ ‘ನೀರು ಆ ಕಡೆ ಇದೆ, ಬಿಸಿಲೇರಿದೆ, ಹೆಣ್ಣಿಗೆ ಮರಿಯಿದೆ, ಆದ್ದರಿಂದ ಆ ಪೊದೆಯ ಹತ್ತಿರ ಹೋದರೆ ಮತ್ತೆ ಜಾಡು ಸಿಗಬೇಕು’ ಎಂದು ಲೆಕ್ಕ ಹಾಕಿ, ಹೋಗಿ ನೋಡುವವನನ್ನು ಬೇರೆ ಏನೆಂದು ಕರೆಯುವುದು?

ಇದು ತಡವಾಗಿ ಬರಲು ನನಗೆ ತೋರುವ ಕಾರಣ ಒಂದೇ. ಕಾಡಿನಲ್ಲಿ ತಪ್ಪು ಕಾಣಿಸುವುದಿಲ್ಲ. ಗಾಳಿ ತಿರುಗಿ ನಮ್ಮ ವಾಸನೆ ಹತ್ತಿದ ಕಡವೆ ನಾವು ನೋಡುವ ಮುಂಚೆಯೇ ಇಳಿಜಾರು ಇಳಿದು ಹೋಗಿರುತ್ತದೆ. ಅಲ್ಲಿ ಕಡವೆ ಇತ್ತೆಂಬುದೇ ನಮಗೆ ಗೊತ್ತಾಗುವುದಿಲ್ಲ. ಕಾಲಡಿಯ ಒಣಎಲೆಯೋ, ಕೆಮ್ಮೋ, ಹೊತ್ತು ಮೀರಿದ್ದೋ, ಯಾವುದರಿಂದ ಕೆಟ್ಟಿತು ಎಂದು ಹೇಳುವ ಪರದೆ ಅಲ್ಲಿಲ್ಲ. ತಿಂಗಳಲ್ಲಿ ಬೆರಳೆಣಿಕೆಯ ಅವಕಾಶ, ಅದರಲ್ಲೂ ಬಹುಪಾಲಿನ ಫಲಿತಾಂಶ ಶೂನ್ಯ. ಇಂಥ ಪಾಠಶಾಲೆಯಲ್ಲಿ ಪಳಗಲು ವರ್ಷಗಳೇ ಬೇಕು. ಬೇಗ ಪಳಗುವ ದಾರಿ ಒಂದೇ, ಪಕ್ಕದಲ್ಲಿ ತಿಳಿದವರೊಬ್ಬರಿದ್ದು ‘ಈಗ ಹೋಯಿತು ನೋಡು’ ಎಂದು ತೋರಿಸುವುದು.

ಮಲೆನಾಡಿನ ಹಳೆಯ ಬೇಟೆಗಳಲ್ಲಿ ಈ ತಿಳಿವಳಿಕೆ ವ್ಯವಸ್ಥೆಯಾಗಿಯೇ ಇತ್ತು. ಹುಡುಗನಿಗೆ ಮೊದಲು ಕೋವಿ ಸಿಗುತ್ತಿರಲಿಲ್ಲ. ಹಳು ಸೋವುವವರ ಸಾಲಿನಲ್ಲಿ ಕೂಗುತ್ತ, ಪೊದೆ ಬಡಿಯುತ್ತ ನಡೆಯಬೇಕು. ಹಂದಿ ಯಾವ ಕಂಡಿಯಲ್ಲಿ ನುಗ್ಗುತ್ತದೆ, ಹಿಕ್ಕೆ ಹಸಿಯೋ ಒಣಗಿದ್ದೋ, ನಾಯಿಯ ಬೊಗಳು ಯಾವಾಗ ಬದಲಾಯಿತು ಎಂಬುದು ಕಾಲಿಗೆ, ಕಿವಿಗೆ ಹತ್ತಿದ ಮೇಲೆ ಮರಸು ಕೂರುವ, ಅಂದರೆ ಅಡಗಿ ಕಾಯುವ ಸರದಿ. ಈಡು ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ. ಕುಮಾವೂನಿನ ಕಾಲಾಢುಂಗಿಯಲ್ಲಿ ಜಿಮ್ ಕಾರ್ಬೆಟ್ ಬೆಳೆದದ್ದೂ ಹೀಗೆಯೇ. ಚಾಟರಬಿಲ್ಲಿನಿಂದ ಕವಣೆಬಿಲ್ಲಿಗೆ, ಅಲ್ಲಿಂದ ಬಾಣಕ್ಕೆ, ಆಮೇಲೆ ಒಂದು ನಳಿಗೆ ಸೀಳಿದ್ದ ಹಳೆಯ ಜೋಡುನಳಿಗೆ ಕೋವಿಗೆ. ಅಷ್ಟರಲ್ಲಿ ಹಕ್ಕಿ, ಮಂಗಗಳ ಕೂಗು ಆ ಹುಡುಗನಿಗೆ ಮಾತಿನಷ್ಟೇ ಸ್ಪಷ್ಟವಾಗಿತ್ತು.

ಹುಡುಗ, ಹುಡುಗ ಎನ್ನುತ್ತಿದ್ದೇನೆ. ಪೆರುವಿನ ವಿಲಾಮಾಯ ಪಾಚ್ಯಾದಲ್ಲಿ ಸುಮಾರು 9,000 ವರ್ಷ ಹಿಂದೆ ಬೇಟೆಯ ಸಲಕರಣೆಗಳ ಜೊತೆ ಹೂಳಲ್ಪಟ್ಟಿದ್ದ 17-19ರ ವಯಸ್ಸಿನ ದೇಹ ಹೆಣ್ಣಿನದೆಂದು 2020ರಲ್ಲಿ ತಿಳಿದುಬಂತು. ಫಿಲಿಪ್ಪೀನ್ಸ್‌ನ ಅಗ್ತಾ ಹೆಂಗಸರು ನಾಯಿಗಳನ್ನು ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರು. ನಾಯಿಯ ಮಾತು ಬಂದಾಗ ನಮ್ಮ ಆತಕೂರಿನ ಕಲ್ಲನ್ನು ನೆನೆಯದಿರುವುದು ಹೇಗೆ? ಕ್ರಿ.ಶ. 949-50ರ ಆ ಶಾಸನ ನೆನೆಯುವುದು ಹಂದಿಯ ಮೇಲೆ ಬಿದ್ದು, ಅದರೊಡನೆಯೇ ಸತ್ತ ಕಾಳಿ ಎಂಬ ನಾಯಿಯನ್ನು. ಗಂಗರ ಬೂತುಗ ದೊರೆ ಏನು ಬೇಕೆಂದಾಗ ಅವನ ಯೋಧ ಮಣಲೇರ ಕೇಳಿ ಪಡೆದಿದ್ದದ್ದೂ ಅದನ್ನೇ.

ಎಲ್ಲೆಡೆಯೂ ನಲವತ್ತೇ ತುದಿಯೇನಲ್ಲ. 40 ನೆಲೆಗಳ 1,800ಕ್ಕೂ ಹೆಚ್ಚು ಬೇಟೆಗಾರರ ಸುಮಾರು 23,000 ದಾಖಲೆಗಳನ್ನು ಕೂಡಿಸಿ 2020ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಸರಾಸರಿ ಶಿಖರ 30ರಿಂದ 35ರೊಳಗೆ ಬರುತ್ತದೆ. ಆದರೆ ಅಲ್ಲಿಂದ ಇಳಿಜಾರು ಬಹಳ ನಿಧಾನ. ಕಣ್ಣು, ಕಾಲು ಸೋಲುವಾಗಲೂ ತಿಳಿವು ಅದನ್ನು ತುಂಬಿಕೊಡುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಪರವಾನಗಿ ಬೇಟೆಯ ಬಾಗಿಲನ್ನೂ ಮುಚ್ಚಿತು. ಅದು ಆಗಲೇಬೇಕಾಗಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ಕೋವಿ ಉಳಿಯಿತು. ಕೊಡವರಿಗೆ, ಜಮ್ಮಾ ಎಂಬ ಅಲ್ಲಿನ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಈಗಲೂ ನಡೆಯುತ್ತವೆ. ಬೇಗ ಬರುವ ವಿದ್ಯೆಗೆ ಹೀಗೆ ಹಬ್ಬವೂ ಇದೆ, ಒಲಿಂಪಿಕ್ಸೂ ಇದೆ.

ತಡವಾಗಿ ಬರುವ ವಿದ್ಯೆಗೆ ಇರುವುದು ಅರಣ್ಯ ಇಲಾಖೆ. ನಾಗರಹೊಳೆ, ಬಿಳಿಗಿರಿರಂಗನಬೆಟ್ಟದ ಕಡೆ ಹುಲಿಯ ಹೆಜ್ಜೆಯ ಹಿಂದೆ ನಡೆಯುವ ಕಾವಲುಗಾರರಲ್ಲಿ ಜೇನುಕುರುಬರು, ಸೋಲಿಗರು ಹಲವರಿದ್ದಾರೆ. ಹಿಂದೆ ಬೇಟೆಗೆ ಬೇಕಾಗಿದ್ದ ಜ್ಞಾನವೇ ಈಗ ಹುಲಿಗಣತಿಗೆ, ಕಳ್ಳಬೇಟೆ ತಡೆಗೆ ಬೇಕಾಗಿದೆ. ಆದರೆ ಇಲಾಖೆಯ ಕಾಯಂ ನೇಮಕಾತಿಯಲ್ಲಿ ಅಳೆಯುವುದು ಶಾಲೆಯ ಅಂಕ, ಓಟ, ಜಿಗಿತ, ಗುಂಡೆಸೆತ. ಇಪ್ಪತ್ತರ ಹರೆಯದವರು ಮೇಲುಗೈ ಸಾಧಿಸುವ ಪರೀಕ್ಷೆಗಳಿವು. ಒದ್ದೆ ಮಣ್ಣಿನಲ್ಲಿ ಮೂಡಿದ ಒಂದು ಪಂಜನ್ನು ತೋರಿಸಿ, ಇದು ನಿನ್ನೆಯದೋ ಇಂದು ಬೆಳಗಿನದೋ ಎಂದು ಯಾರೂ ಕೇಳುವುದಿಲ್ಲ.